ಅಮ್ಮ ಎನ್ನುವ ಸೆಟ್ಟಿಂಗ್

ಫೆಬ್ರವರಿ ೩

ಪುಟ್ಟಿ,

ಭಾನುವಾರ ನಿನ್ನ ಫೋನ್ ಬಂದಾಗ ಎತ್ತಿದ್ದು ನಾನೇ. ನೀನು ಏನೋ ಹೇಳಿದೆ, ನಾನು ಏನೋ ಹೇಳಿದೆ, ಇಬ್ಬರೂ ನಕ್ಕೆವು, ಇಟ್ಟೆವು. ಏನು ಮಾತಾಡಿದೆವು ಅಂತ ಕೇಳಿದರೆ ದೇವರಾಣೆ ನನಗೆ ಗೊತ್ತಿಲ್ಲ. ನಿನ್ನಮ್ಮ ಎತ್ತಿದರೆ ಅವಳ ಪಿಸುದನಿ ಆ ಕಡೆ ಮುಟ್ಟುವುದಿಲ್ಲ. ಮೆಸೇಜ್ ಮಾಡು ಅನ್ನುತ್ತೀಯ. ಆಯಸ್ಸೆಲ್ಲಾ ತಗಡಿನ ಡಬ್ಬದ ಕಾರ್ಖಾನೆಯಲ್ಲಿ ಪ್ರೆಸ್ ಒತ್ತಿದ ಹೆಬ್ಬೆರಳು ಇದು, ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತವೆ. ನಮ್ಮ ಮನೆಗೆ ಕಾಗದವೇ ಗತಿ.

ವಿಷಯಕ್ಕೆ ಬರುತ್ತೇನೆ. ಹೋದ ವಾರ ಅಮ್ಮನನ್ನು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಗಡ್ಡೆ ಮತ್ತೆ ಬಂದಿದೆ. ಹಿಂದಿನ ಸಲ ಕೆರೆದು ತೆಗೆದಾಗ ದನಿ ಹೋಗಿ ಉಸಿರು ಉಳಿಯಿತಲ್ಲ, ಈ ಸಲ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಕುತ್ತಿಗೆಯಲ್ಲಿ ತೂತು ಮಾಡಿ ಅಲ್ಲಿಂದ ಉಸಿರಾಟವಂತೆ. ಆಮೇಲೆ ಪಿಸುಮಾತೂ ಇಲ್ಲ. "ನೋಡೋಣ ಡಾಕ್ಟ್ರೇ, ಇನ್ನೊಬ್ಬರನ್ನ ಕೇಳಿ ಹೇಳ್ತೀವಿ" ಅಂದು ಅವಳನ್ನು ಎಬ್ಬಿಸಿಕೊಂಡು ಬಂದುಬಿಟ್ಟೆ. ದಾರಿಯುದ್ದಕ್ಕೂ ಅವಳು ಏನೋ ಹೇಳುತ್ತಿದ್ದಳು. ನನ್ನ ಹಳೆಯ ಕಿವಿಯಂತ್ರದಲ್ಲಿ ಅರ್ಧ ಅವಳು, ಅರ್ಧ ಕುಂಯ್.

ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಊರಿಗೆ ಊರನ್ನೇ ಸರಿಯಾದ ಬಸ್ಸಿಗೆ ಹತ್ತಿಸಿದವಳು ನಿನ್ನಮ್ಮ. ಮನೆಯಲ್ಲೂ ಅದೇ ಗತ್ತು, ಊಟಕ್ಕೆ ಕರೆದರೆ ಬಸ್ಸು ಬಿಟ್ಟ ಹಾಗೆ. ಅಂಥವಳದು ಈಗ ಉಸಿರಷ್ಟೇ ಉಳಿದಿದೆ, ಅದೂ ಎಷ್ಟು ದಿನವೋ. ಅಷ್ಟನ್ನಾದರೂ ಪೂರ್ತಿ ಕೇಳಿಸಿಕೊಳ್ಳಬೇಕು ಪುಟ್ಟಿ. ಇದೊಂದೇ ಆಸೆ ನನಗೆ.

ಹಾಗಾಗಿ ಕಿವಿಯಂಗಡಿಗೆ ಹೋಗಿ ಬಂದೆ. ಅಂಗಡಿಯಾಕೆ ಬಣ್ಣಬಣ್ಣದ ಹಾಳೆಗಳನ್ನು ಕೈಗೆ ತುರುಕಿದರು. ಒಂದಕ್ಕೆ ಹದಿನಾರು ಚಾನೆಲ್ ಅಂತೆ, ಇದೇನು ಟಿವಿಯಾ? ಇನ್ನೊಂದು ಫೋನಿಗೆ ಕೂಡಿಕೊಳ್ಳುತ್ತದೆ, ತಾನೇ ಯೋಚನೆ ಮಾಡುತ್ತದಂತೆ. ನಮ್ಮ ಮನೆಯಲ್ಲಿ ಎಲ್ಲರ ಪರವಾಗಿ ಯೋಚನೆ ಮಾಡುವವಳು ಒಬ್ಬಳು ಇದ್ದಾಳಲ್ಲ, ಇನ್ನೊಂದು ಯಾಕೆ ಅಂದೆ. ಅವರು ನಗಲಿಲ್ಲ. ಹಾಳೆಗಳನ್ನು ಇದರ ಜೊತೆ ಇಟ್ಟಿದ್ದೇನೆ. ನೀನೇ ಒಂದನ್ನು ಆರಿಸಿ ಹೇಳು. ನನಗೆ ತಲೆ ಚಿಟ್ಟು ಹಿಡಿದಿದೆ.

ನಿನ್ನ,
ಅಪ್ಪ


ಫೆಬ್ರವರಿ ೧೧

ಅಪ್ಪ,

ಹಾಳೆಗಳನ್ನು ನಾನೂ ಓದಿದೆ, ಇಲ್ಲಿ ಸುರಂಗ ಕೊರೆಯುವ ನಮ್ಮ ಎಂಜಿನಿಯರ್ ಒಬ್ಬರಿಗೂ ತೋರಿಸಿದೆ. ಆ ತಾನೇ ಯೋಚನೆ ಮಾಡುವುದನ್ನೇ ತಗೋ. ಫ್ಯಾನು, ರಸ್ತೆ, ಗಾಳಿ ಇವುಗಳ ಸದ್ದನ್ನೆಲ್ಲ ಅದೇ ಗುರುತಿಸಿ ತಗ್ಗಿಸುತ್ತದೆ, ಮಾತನ್ನು ಮಾತ್ರ ಎತ್ತಿ ಕೊಡುತ್ತದೆ. ದಿನಬಳಕೆಗೆ ಅದರಷ್ಟು ಸ್ವಚ್ಛವಾದ ದನಿ ಬೇರೆ ಯಾವುದರಲ್ಲೂ ಇಲ್ಲವಂತೆ. ನನ್ನ ಫೋನಿಗೂ ಅದರ ಆಪ್ ಹಾಕಿಕೊಂಡರೆ ಇಲ್ಲಿಂದಲೇ ನಾನು ಹೆಚ್ಚುಕಮ್ಮಿ ಮಾಡಬಹುದು. ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಸ್ವಲ್ಪ ಬಿಡ್ತಾರೆ, ಕೊಟ್ಟುಬಿಡು, ಆ ಕುಂಯ್ ಯಾರಿಗೆ ಬೇಕು.

ಒಂದು ಮಾತು ಮಾತ್ರ ಮರೆಯಬೇಡ. ಕಿವಿಗೆ ಕೂರಿಸುವ ದಿನ ಮನೆಯವರು ಯಾರಾದರೂ ಎದುರು ಕೂತು ಮಾತಾಡಬೇಕು, ಅದನ್ನು ನೋಡಿಕೊಂಡೇ ಅವರು ಯಂತ್ರವನ್ನು ಹೊಂದಿಸುತ್ತಾರೆ. ಅಮ್ಮನನ್ನು ಕರೆದುಕೊಂಡು ಹೋಗು. ಅಮ್ಮನೇ ಮಾತಾಡಲಿ.

ಇಲ್ಲಿ ಸುರಂಗದೊಳಗೆ ಹೋಗುವ ಪ್ರತಿಯೊಬ್ಬರ ಕಿವಿಗೂ ಪ್ಲಗ್ ಹಾಕಿಸುವುದು ನನ್ನ ಕೆಲಸ. ಹಾಕದವರಿಗೆ ಮುಖ ಮೋರೆ ನೋಡದೆ ಬೈಯುತ್ತೇನೆ. ನಿನ್ನ ಕಾರ್ಖಾನೆಯಲ್ಲಿ ಹಾಗೆ ಬೈಯುವವರು ಒಬ್ಬರಾದರೂ ಇದ್ದಿದ್ದರೆ ಅಂತ ಎಷ್ಟು ಸಲ ಅನ್ನಿಸುತ್ತದೋ.

ಆಪರೇಷನ್ ವಿಷಯವನ್ನು ಮುಂದೆ ತಳ್ಳಬೇಡ ಅಪ್ಪ. ನನಗೂ ಭಯವೇ.

ನಿನ್ನ,
ಪುಟ್ಟಿ


ಮಾರ್ಚ್ ೨

ಪುಟ್ಟಿ,

ಬಂತು! ಕಡಲೆಕಾಳಿನಷ್ಟು ಇದೆ, ಕಿವಿಯೊಳಗೆ ಹೊಕ್ಕರೆ ಇದೆಯೋ ಇಲ್ಲವೋ ತಿಳಿಯದು. ಅಂಗಡಿಯಿಂದ ಹೊರಗೆ ಕಾಲಿಟ್ಟೆ, ಅಬ್ಬಬ್ಬಾ, ನನ್ನ ಚಪ್ಪಲಿ ಇಷ್ಟು ದಿನವೂ ಹೀಗೆ ಮಾತಾಡುತ್ತಿತ್ತೇ? ಪೇಪರು ಮಡಚಿದರೆ ಸದ್ದು, ಜೇಬಿನಲ್ಲಿ ಬೀಗದ ಕೈ ಸದ್ದು. ರಸ್ತೆ ಗದ್ದಲ ಮಾತ್ರ ದೂರದಲ್ಲೆಲ್ಲೋ. ಹಾಲಿನವನು "ಏನ್ ಸಾರ್, ಹುಷಾರಾ?" ಅಂದ. ಎಷ್ಟೋ ವರ್ಷದಿಂದ ಅವನು ದಿನಾ ಕೇಳುತ್ತಿದ್ದದ್ದು ಅದನ್ನೇ ಅಂತ ಇವತ್ತು ಗೊತ್ತಾಯಿತು. ಪಾಪ, ನಾನು ದಿನಾ "ಅರ್ಧ ಲೀಟರ್" ಅಂತಿದ್ದೆ.

ಪಕ್ಕದ ಮನೆಯ, ಬಾಯಿ ಮುಚ್ಚದ ರೇಡಿಯೋ ಅಕ್ಕ ನಿನಗೆ ಗೊತ್ತಲ್ಲ. ಅವರಂತೂ ಗೋಡೆಯಾಚೆಯಿಂದ ಮಣಿ ಪೋಣಿಸಿದ ಹಾಗೆ ಕೇಳಿಸುತ್ತಾರೆ. ಅದಕ್ಕೂ ಕಾರಣ ಇದೆ. ಅಂಗಡಿಗೆ ಅವರೂ ಬಂದಿದ್ದರು. "ಈಗ ಮನೆಯವರು ಮಾತಾಡಿ" ಅಂದಾಗ ನಿನ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಸುತ್ತ ನಾಲ್ಕು ಜನ ಕಾಯುತ್ತಿದ್ದರು. ಆ ಬುಸುಬುಸು ಕೇಳಿ ಯಾರಾದರೂ ತಿರುಗಿ ನೋಡಿಯಾರು ಅಂತ ಅವಳಿಗೆ ಸಂಕೋಚ. ಒಂದು ಕಾಲದಲ್ಲಿ ಊರೇ ತಿರುಗಿ ನೋಡುತ್ತಿದ್ದ ದನಿ ಅಲ್ಲವೇ. ನಾನು ಒತ್ತಾಯ ಮಾಡಲಿಲ್ಲ. ರೇಡಿಯೋ ಅಕ್ಕ "ಅದಕ್ಕೇನಂತೆ, ನಾನಿಲ್ವಾ" ಅಂದು ಕುರ್ಚಿ ಎಳೆದುಕೊಂಡು ತಮ್ಮ ನಾದಿನಿಯ ಮದುವೆ ಕಥೆ ಶುರು ಮಾಡಿದರು. ಕಿವಿಯಂಗಡಿಯಮ್ಮ ಅದರ ಮೇಲೇ ಎಲ್ಲವನ್ನೂ ಹೊಂದಿಸಿದರು. ಹಳೆಯದನ್ನು ಅಲ್ಲೇ ಕೊಟ್ಟು ಬಂದೆ.

ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ. ನಿನ್ನಮ್ಮ ಕೇಳಿಸುತ್ತಿಲ್ಲ.

ಮೊದಲು ಅರ್ಧವಾದರೂ ಕೇಳಿಸುತ್ತಿದ್ದಳು. ಈಗ ಅವಳ ತುಟಿ ಆಡುತ್ತದೆ, ನನ್ನ ಕಿವಿಯಲ್ಲಿ ಒಳ್ಳೆ ಶುಭ್ರವಾದ ಮೌನ. ಅವಳೋ, ಹೊಸ ಯಂತ್ರ ಬಂತಲ್ಲ ಅಂತ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಾಳೆ. ಇಷ್ಟು ದಿನ ಬಾಯಿ ಕಟ್ಟಿ ಕೂತವಳು. ಆ ಮುಖ ನೋಡಿಕೊಂಡು ಕೇಳಿಸಲಿಲ್ಲ ಅನ್ನುವುದು ಹೇಗೆ? ಹೂಂ ಅನ್ನುತ್ತೇನೆ. ತಲೆಯಾಡಿಸುತ್ತೇನೆ. ಅವಳು ನಕ್ಕರೆ ನಗುತ್ತೇನೆ. ಅವಳಿಗೆ ಹೇಳಬೇಡ.

ನಿನ್ನ,
ಅಪ್ಪ


ಮಾರ್ಚ್ ೧೦

ಅಪ್ಪ,

ಅಯ್ಯೋ, ಎಂಥ ಕೆಲಸ ಮಾಡಿದಿರಿ ಇಬ್ಬರೂ ಸೇರಿ! ಎಂಜಿನಿಯರನ್ನು ಹಿಡಿದು ಕೇಳಿದೆ. ಅಮ್ಮನದು ಈಗ ದನಿಯಲ್ಲ, ಬರೀ ಉಸಿರು. ಆ ಯಂತ್ರಕ್ಕೆ ಅದು ಗಾಳಿಯ ಸದ್ದು. ಗಾಳಿಯನ್ನು ಒರೆಸಿ ಹಾಕುವುದೇ ಅದರ ಜಾಣತನ. ಅಮ್ಮ ಜಾಸ್ತಿ ಮಾತಾಡಿದಷ್ಟೂ ಅದು ಜಾಸ್ತಿ ಒರೆಸುತ್ತದೆ. ಆರಿಸಿದವಳು ನಾನು. ಅಮ್ಮನ ಉಸಿರಿಗೂ ಫ್ಯಾನಿನ ಗಾಳಿಗೂ ಅದಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ ಅಂತ ಆ ಹಾಳೆಗಳಲ್ಲಿ ಎಲ್ಲೂ ಬರೆದಿರಲಿಲ್ಲ ಅಪ್ಪ.

ಆಪ್‌ನಲ್ಲಿ ನಾನೇ ಒಂದು ಸೆಟ್ಟಿಂಗ್ ಮಾಡಿದ್ದೇನೆ. ಅದರಲ್ಲಿ ಯಂತ್ರದ ಜಾಣತನವನ್ನೆಲ್ಲ ತೆಗೆದುಹಾಕಿದ್ದೇನೆ, ಎಲ್ಲ ಸದ್ದನ್ನೂ ಇದ್ದ ಹಾಗೇ ಒಳಗೆ ಬಿಡುತ್ತದೆ. ಹೆಸರು "ಅಮ್ಮ" ಅಂತ ಇಟ್ಟಿದ್ದೇನೆ. ಫೋನು ತೆರೆದು ಅದನ್ನು ಒತ್ತು, ಒಂದೇ ಸಲ ಒತ್ತಬೇಕು, ಹೆಬ್ಬೆರಳಿಗೆ ಕಷ್ಟವಿಲ್ಲ. ಆದರೆ ಅಂಗಡಿಗೆ ಅಮ್ಮನನ್ನೇ ಕರೆದುಕೊಂಡು ಹೋಗು. ಅಮ್ಮನಿಗೆ ನಿಜ ಹೇಳು.

ಪುಟ್ಟಿ


ಮಾರ್ಚ್ ೨೪

ಪುಟ್ಟಿ,

ಅಂಗಡಿಗೆ ನಾನೊಬ್ಬನೇ ಹೋಗಿದ್ದೆ. ಆಯಮ್ಮ ಒಳ್ಳೆಯವರೇ. "ಅವರನ್ನ ಕರ್ಕೊಂಡು ಬನ್ನಿ, ಆಗುವಷ್ಟು ಮಾಡೋಣ. ಆದ್ರೆ ಬರೀ ಉಸಿರನ್ನ ಹಿಡಿಯೋದು ಕಷ್ಟ, ಸುಳ್ಳು ಭರವಸೆ ಕೊಡಲ್ಲ" ಅಂದರು. ನನ್ನ ಹಳೆಯದನ್ನು ವಾಪಸ್ ಕೇಳಿದೆ. ಅದು ಅವತ್ತೇ ಕಂಪನಿಗೆ ಹೋಯಿತಂತೆ, ಬಿಚ್ಚಿ ಹಾಕಿರುತ್ತಾರಂತೆ. ನನ್ನ ಕುಂಯ್ ಕುಂಯ್ ಹೋಯಿತಲ್ಲ ಅಂತ ರಸ್ತೆಯಲ್ಲಿ ನಿಂತು ಹುಚ್ಚನ ಹಾಗೆ ಕಣ್ಣು ಒರೆಸಿಕೊಂಡೆ.

ನಿನ್ನ ಸೆಟ್ಟಿಂಗ್ ಒತ್ತಿದೆ. ಅಡುಗೆಮನೆಯಲ್ಲಿ ಅಮ್ಮ, ಮೇಲೆ ಫ್ಯಾನು, ಮೂಲೆಯಲ್ಲಿ ಫ್ರಿಜ್ಜು, ನಲ್ಲಿಯಲ್ಲಿ ನೀರು. ಎಲ್ಲವೂ ಒಟ್ಟಿಗೆ ಮೈಮೇಲೆ ಬಿದ್ದವು. ಕಾರ್ಖಾನೆಯಲ್ಲಿ ಪ್ರೆಸ್‌ಗಳ ನಡುವೆ ನಿಂತ ಹಾಗಾಯಿತು. ಅವಳು ಅದರೊಳಗೆ ಎಲ್ಲೋ ಇದ್ದಳು, ಸಿಗಲಿಲ್ಲ. ತಲೆ ಸಿಡಿದುಹೋಗಿ ಮತ್ತೆ ಜಾಣ ಸೆಟ್ಟಿಂಗಿಗೇ ಹಾಕಿಕೊಂಡೆ.

ನಿಜ ಹೇಳು ಅನ್ನುತ್ತೀಯ. ಹೇಳೋಣ ಅಂತ ಬಾಯಿ ತೆರೆಯುತ್ತೇನೆ, ಅಷ್ಟರಲ್ಲಿ ಅವಳು ಖುಷಿಯಾಗಿ ಇನ್ನೇನೋ ಶುರು ಮಾಡಿರುತ್ತಾಳೆ. ಗಂಟಲಿನ ಡಾಕ್ಟರು ಮತ್ತೆ ಬರಹೇಳಿದ್ದರು. ಮುಂದಿನ ತಿಂಗಳು ನೋಡೋಣ ಅಂದಿದ್ದೇನೆ.

ಅಪ್ಪ


ಏಪ್ರಿಲ್ ೬

ಅಪ್ಪ,

ಅಮ್ಮನ ಕಾಗದ ಬಂತು. ಓದಿ ಸುರಂಗದ ಬಾಯಲ್ಲೇ ಕೂತುಬಿಟ್ಟೆ.

ನೀನು ಒಪ್ಪಿದೆಯಂತೆ! ಅಮ್ಮ ಬರೆದಿದ್ದಾಳೆ: ಬಟ್ಟೆ ಮಡಚುತ್ತಾ "ಆಪರೇಷನ್ ಮಾಡಿಸ್ಕೊಂಡುಬಿಡ್ಲಾ? ದನಿನೇ ಇಲ್ಲದವಳ ಜೊತೆ ಇರ್ತೀರಾ?" ಅಂತ ಕೇಳಿದಳಂತೆ, ನೀನು ಒಂದು ಕ್ಷಣವೂ ಯೋಚಿಸದೆ ಹೂಂ ಅಂತ ತಲೆಯಾಡಿಸಿದೆಯಂತೆ. ಮರುದಿನವೇ ಅವಳು ರೇಡಿಯೋ ಅಕ್ಕನ ಜೊತೆ ಹೋಗಿ ಡಾಕ್ಟರಿಗೆ ಸಹಿ ಹಾಕಿಕೊಟ್ಟು ಬಂದಳಂತೆ. ಏಪ್ರಿಲ್ ಇಪ್ಪತ್ತೊಂಬತ್ತಕ್ಕೆ ಅಂತ ಬರೆದಿದ್ದಾಳೆ.

ಎಷ್ಟು ದಿನ "ನೋಡೋಣ ನೋಡೋಣ" ಅಂದವನು ನೀನು. ನಿನಗೆ ಅಷ್ಟು ಧೈರ್ಯ ಎಲ್ಲಿಂದ ಬಂತು? ಅಂತೂ ಅವಳು ಕೇಳಿದ್ದು ನಿನಗೆ ಕೇಳಿಸಿತಲ್ಲ. ಆ ಸೆಟ್ಟಿಂಗ್ ಕೆಲಸ ಮಾಡಿತಾ?

ಪುಟ್ಟಿ


ಏಪ್ರಿಲ್ ೧೨

ಪುಟ್ಟಿ,

ನನಗೆ ಕೇಳಿಸಿರಲಿಲ್ಲ.

ಆ ಸಂಜೆ ನೆನಪಿದೆ. ಅವಳು ಮಂಚದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಳು. ನಾನು ಪೇಪರು ಹಿಡಿದಿದ್ದೆ. ಕಿಟಕಿ ತೆರೆದಿತ್ತು, ಧೂಳು ಬರುತ್ತಿತ್ತು. ಅವಳು ಏನೋ ಕೇಳಿದಳು, ಕಿಟಕಿಯ ಕಡೆ ನೋಡಿ ನನ್ನ ಕಡೆ ನೋಡಿದಳು. ಕಿಟಕಿ ಹಾಕಲಾ ಅಂತಿದ್ದಾಳೆ ಅಂದುಕೊಂಡು ಹೂಂ ಅಂದೆ. ಅವಳು ಕಿಟಕಿ ಹಾಕಲಿಲ್ಲ. ನನ್ನ ಅಂಗಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಸವರುತ್ತಾ ಕೂತಳು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಪೇಪರು ತಿರುಗಿಸಿದೆ.

ಈಗ ಏನು ಮಾಡಲಿ ಹೇಳು. ನನಗೆ ಕೇಳಿಸಿರಲಿಲ್ಲ ಕಣೇ ಅಂದರೆ ಅವಳ ಧೈರ್ಯ ಕುಸಿದು ಬೀಳುತ್ತದೆ. ಆಪರೇಷನ್ ಬೇಡ ಅಂದರೆ ಗಡ್ಡೆ ಸುಮ್ಮನೆ ಕೂರುವುದಿಲ್ಲ, ಡಾಕ್ಟರು ಅದನ್ನು ಬಿಡಿಸಿಯೇ ಹೇಳಿದ್ದಾರೆ. ಹೇಳದೆ ಇದ್ದರೆ ನನ್ನದೊಂದು ಪೊಳ್ಳು ಹೂಂ ನಂಬಿಕೊಂಡು ಅವಳು ಕತ್ತು ಕೊಯ್ಯಿಸಿಕೊಳ್ಳಲು ಹೋಗುತ್ತಾಳೆ. ಅತ್ತ ಹೋಗಲೂ ದಾರಿಯಿಲ್ಲ, ಇತ್ತ ಬರಲೂ ಇಲ್ಲ.

ಕೇಳಿಸಿದ್ದರೆ ನಾನು ಏನು ಹೇಳುತ್ತಿದ್ದೆ ಅಂತ ನನ್ನನ್ನೇ ಕೇಳಿಕೊಂಡೆ. ಹೂಂ ಅನ್ನುತ್ತಿರಲಿಲ್ಲ ಪುಟ್ಟಿ. ಭಯಕ್ಕೆ ಬಾಯೇ ಬರುತ್ತಿರಲಿಲ್ಲ.

ಅಪ್ಪ


ಏಪ್ರಿಲ್ ೧೮

ಅಪ್ಪ,

ಹೇಳು ಅನ್ನಲೂ ಬಾಯಿ ಬರುತ್ತಿಲ್ಲ, ಬೇಡ ಅನ್ನಲೂ ಬರುತ್ತಿಲ್ಲ. ಇಪ್ಪತ್ತೊಂಬತ್ತರ ಬೆಳಿಗ್ಗೆ ನೇರವಾಗಿ ಆಸ್ಪತ್ರೆಗೇ ಬರುತ್ತೇನೆ. ಅದಕ್ಕೆ ಮೊದಲು ರಜೆ ಕೊಡಲ್ಲ ಅಂದರು, ಜಗಳ ಆಡಿದರೂ ಕೊಡಲಿಲ್ಲ.

ಒಂದು ಮಾಡು. ಹಿಂದಿನ ದಿನ ಮನೆಯಲ್ಲಿ ಸದ್ದು ಮಾಡುವ ಎಲ್ಲವನ್ನೂ ಆರಿಸು. ಎಲ್ಲವನ್ನೂ. ಆಮೇಲೆ ಆ ಸೆಟ್ಟಿಂಗ್ ಒತ್ತು.

ಪುಟ್ಟಿ


ಏಪ್ರಿಲ್ ೨೮

ಪುಟ್ಟಿ,

ನಾಳೆ ನೀನು ಎದುರಿಗೇ ಇರುತ್ತೀಯ, ಆದರೆ ಇದನ್ನು ಬಾಯಲ್ಲಿ ಹೇಳಲು ನನ್ನಿಂದ ಆಗದು. ಆಸ್ಪತ್ರೆಯಲ್ಲಿ ನಿನ್ನ ಕೈಗೆ ಕೊಡುತ್ತೇನೆ, ಆಮೇಲೆ ಓದಿಕೋ.

ಸಂಜೆ ಮೊದಲು ಫ್ಯಾನು ಆರಿಸಿದೆ. ಆಮೇಲೆ ಫ್ರಿಜ್ಜಿನ ಪ್ಲಗ್ ಕಿತ್ತೆ. ಗೋಡೆಯ ಗಡಿಯಾರ ಕೆಳಗಿಳಿಸಿ ಹೊದಿಕೆಯಲ್ಲಿ ಸುತ್ತಿ ಇಟ್ಟೆ. ನಲ್ಲಿ ತೊಟ್ಟಿಕ್ಕುತ್ತಿತ್ತು, ಕೆಳಗೆ ಬಟ್ಟೆ ಹಾಕಿದೆ. ಕಿಟಕಿಗಳನ್ನೆಲ್ಲ ಮುಚ್ಚಿದೆ. ಅವಳು ಹಾಲು ಕೆಡುತ್ತೆ ಅಂತ ಫ್ರಿಜ್ಜಿನ ಕಡೆ ಕೈ ತೋರಿಸಿ ಸನ್ನೆ ಮಾಡುತ್ತಲೇ ಇದ್ದಳು. ಕೆಡಲಿ ಅಂದೆ.

ಸೆಟ್ಟಿಂಗ್ ಒತ್ತಿದೆ, ಆಗ ಗೋಡೆಯಾಚೆ ರೇಡಿಯೋ ಅಕ್ಕನ ಮಿಕ್ಸಿ! ಓಡಿಹೋಗಿ ಬಾಗಿಲು ಬಡಿದೆ. "ಅಕ್ಕಾ, ಒಂದರ್ಧ ಗಂಟೆ ಏನೂ ಸದ್ದು ಮಾಡ್ಬೇಡಿ, ಕೈ ಮುಗೀತೀನಿ" ಅಂದೆ. "ಯಾಕಣ್ಣ, ಏನಾಯ್ತಣ್ಣ, ಅತ್ತಿಗೆ ಹುಷಾರಾಗಿದಾರಾ, ನಾನು ಬರ್ಲಾ" ಅಂತ ಶುರು ಮಾಡಿದರು. "ಇವಳ ಮಾತು ಕೇಳಬೇಕಣ್ಣಾ" ಅಂದೆ. ಥೂ, ಗಾಬರಿಗೆ ಅವರನ್ನೇ ಅಣ್ಣ ಅಂದುಬಿಟ್ಟೆ. ಅವರಿಗೆ ಏನು ಹೊಳೆಯಿತೋ ಗೊತ್ತಿಲ್ಲ, ತಟ್ಟನೆ ಬಾಯಿ ಮುಚ್ಚಿಕೊಂಡರು. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಂದು ಅವಳೆದುರು ಕುರ್ಚಿ ಹಾಕಿಕೊಂಡು ಕೂತೆ. ಮಂಡಿಗೆ ಮಂಡಿ ತಾಗುವ ಹಾಗೆ. "ಈಗ ಮಾತಾಡು" ಅಂದೆ.

ಕೇಳಿಸಿತು ಪುಟ್ಟಿ. ಒಣಗಿದ ಸೊಪ್ಪು ಸರಿದ ಹಾಗೆ, ಆದರೆ ಮಾತು ಮಾತೂ ಕೇಳಿಸಿತು. "ಏನ್ ಮಾತಾಡ್ಲಿ?" ಅಂದಳು. ಏನಾದರೂ ಅಂದೆ. "ಇವತ್ತು ನಿಮ್ಮ ಮುಖ ಬೇರೆ ಥರ ಇದೆ" ಅಂದಳು. "ನಾನು ಆಸ್ಪತ್ರೆಯಿಂದ ಬರೋವರೆಗೆ ನೀಲಿ ಅಂಗಿ ಹಾಕ್ಬೇಡಿ, ಅದಕ್ಕೆ ಗುಂಡಿ ಇಲ್ಲ" ಅಂದಳು. "ಹಾಲು ತಂದಿದ್ದು ಮರೆತು ಮತ್ತೆ ತರ್ಬೇಡಿ. ಪುಟ್ಟಿ ಬಂದ್ರೆ ಜಗಳ ಆಡ್ಬೇಡಿ" ಅಂದಳು. ಆಮೇಲೆ ಕಣ್ಣು ಮುಚ್ಚಿಕೊಂಡು, ಹಳೆಯ ಕಾಲದ ಹಾಗೆ ತಲೆ ನೆಟ್ಟಗೆ ಮಾಡಿ, "ಪ್ರಯಾಣಿಕರ ಗಮನಕ್ಕೆ" ಅಂದಳು. ಅಷ್ಟೇ. ನಕ್ಕಳು. ಮುಂದೆ ಉಸಿರು ಸಾಲಲಿಲ್ಲ.

ಅವತ್ತಿನ ವಿಷಯ ಹೇಳಬೇಕು ಅಂತಲೇ ಕೂತಿದ್ದೆ. ನಾನು ಬಾಯಿ ತೆರೆದರೆ ಅಷ್ಟು ಹೊತ್ತು ಅವಳ ದನಿ ಕೇಳಿಸುವುದಿಲ್ಲವಲ್ಲ. ಹಾಗಾಗಿ ತೆರೆಯಲಿಲ್ಲ.

ಅಪ್ಪ


ಮೇ ೨೬

ಪುಟ್ಟಿಗೆ,

ನೀನು ವಾಪಸ್ ಹೋದ ಮೇಲೆ ಹೊಲಿಗೆ ಬಿಚ್ಚಿದರು. ಕುತ್ತಿಗೆಯ ತೂತಿಗೆ ಗಾಳಿಯಾಡುವ ಒಂದು ಸಣ್ಣ ಮುಚ್ಚಳ, ಮೇಲೆ ತೆಳು ಬಟ್ಟೆ. ಗಡ್ಡೆ ಪೂರ್ತಿ ಹೋಗಿದೆಯೋ ಇಲ್ಲವೋ ಆರು ತಿಂಗಳು ನೋಡಬೇಕಂತೆ. ನೋಡೋಣ ಅನ್ನುವುದು ಈಗ ಡಾಕ್ಟರ ಸರದಿ.

ನೀನು ಹೊರಡುವಾಗ ನನ್ನ ಮುಖವನ್ನೇ ನೋಡಿ ಏನೋ ಕೇಳಬೇಕು ಅಂತ ನಿಂತೆ, ಕೇಳದೆ ಹೋದೆ. ಏನು ಅಂತ ನನಗೆ ಗೊತ್ತು. ನಿನ್ನಪ್ಪ ನಿನಗೆ ಬರೆದಿರಬೇಕು.

ಪುಟ್ಟಿ, ಬಸ್ ನಿಲ್ದಾಣದ ಗಾಜಿನ ಹಿಂದೆ ಕೂತು ನಾನು ಎಷ್ಟು ಸಾವಿರ ಮುಖ ನೋಡಿಲ್ಲ. ಯಾರು ಕೇಳಿಸಿಕೊಂಡು ತಲೆಯಾಡಿಸುತ್ತಾರೆ, ಯಾರು ಕೇಳಿಸದೆಯೇ ತಲೆಯಾಡಿಸಿ ತಪ್ಪು ಬಸ್ಸು ಹತ್ತುತ್ತಾರೆ ಅಂತ ನನಗೆ ಒಂದು ನೋಟಕ್ಕೆ ತಿಳಿಯುತ್ತಿತ್ತು. ಈ ಮನುಷ್ಯ ನನ್ನ ಕಣ್ಣಿಗೆ ಮಣ್ಣೆರಚುತ್ತಾರಾ? ಹೊಸ ಯಂತ್ರ ಹಾಕಿಕೊಂಡ ದಿನವೇ ಗೊತ್ತಾಯಿತು. ಸಂಕೋಚಪಟ್ಟು ಅಂಗಡಿಯಲ್ಲಿ ಬಾಯಿ ಮುಚ್ಚಿ ಕೂತವಳು ನಾನೇ, ಯಾರನ್ನು ಬೈಯಲಿ? ಆದರೂ ಮಾತಾಡುತ್ತಲೇ ಇದ್ದೆ. ಕೇಳಿಸದವರ ಹತ್ತಿರ ಏನು ಬೇಕಾದರೂ ಹೇಳಬಹುದು. ಎಷ್ಟು ಭಯ ಆಗುತ್ತಿದೆ ಅಂತ ಅವರೆದುರು ಕೂತು ದಿನವೂ ಹೇಳಿದೆ, ನಗುನಗುತ್ತಾ ಹೇಳಿದೆ. ಅವರೂ ನಕ್ಕರು.

ಕೊನೆಗೆ ಆಪರೇಷನ್ ವಿಷಯವನ್ನೂ ಕೇಳಿದೆ. ಕೇಳಿಸಿದ್ದರೆ ನೋಡೋಣ ಅನ್ನುತ್ತಿದ್ದರು, ನಾನೂ ಸರಿ ಅನ್ನುತ್ತಿದ್ದೆ, ಅಲ್ಲಿಗೆ ನನ್ನ ಕಥೆ ಮುಗಿಯುತ್ತಿತ್ತು. ನನಗೆ ಒಂದು ಹೂಂ ಬೇಕಾಗಿತ್ತು ಕಣೇ. ಒಬ್ಬಳೇ ಹೇಗೆ ತೀರ್ಮಾನ ಮಾಡಲಿ? ಪೊಳ್ಳು ಅಂತ ಗೊತ್ತಿದ್ದೂ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋದೆ.

ನಿಜವಾಗಿ ಕೇಳಿಸಿಕೊಂಡಿದ್ದರೆ ಏನು ಹೇಳುತ್ತಿದ್ದರೋ, ಅದನ್ನು ಇನ್ನು ಕೇಳಲು ನನಗೆ ಬಾಯಿಲ್ಲ. ಬರೆದು ಕೇಳಬಹುದು. ಬರೆಯಲು ಧೈರ್ಯವಿಲ್ಲ.

ಅವರಿಗೆ ಏನೂ ಹೇಳಬೇಡ.

ನಿನ್ನ,
ಅಮ್ಮ


ಜೂನ್ ೧೫

ಪುಟ್ಟಿ,

ನಿನ್ನ ಫೋನಿನಲ್ಲಿ ಆಪ್ ಕೇಳುತ್ತಿದೆಯಂತೆ, ಅಮ್ಮ ಅನ್ನುವ ಸೆಟ್ಟಿಂಗ್ ಅಳಿಸಲಾ ಅಂತ. ಕಂಪನಿಯವರು ಹೊಸದೇನೋ ಹಾಕಿದ್ದಾರೆ, ಹಳೆಯದಕ್ಕೆ ಇನ್ನು ಜಾಗವಿಲ್ಲ ಅಂತಲೂ ಬರೆದಿದ್ದೀಯ. ಇನ್ನು ಅದರ ಅಗತ್ಯ ಇಲ್ಲವಲ್ಲ ಅಪ್ಪ ಅಂತ ನೀನು ಕೇಳಿದ್ದು ಸರಿಯೇ. ಅವಳು ಮಾತಾಡುವುದಿಲ್ಲವಲ್ಲ.

ಜಾಣ ಸೆಟ್ಟಿಂಗಿನಲ್ಲಿ ಅವಳು ಮನೆಯಲ್ಲೇ ಇಲ್ಲ. ಹಿಂದೆ ಬಂದು ನಿಂತರೂ ಗೊತ್ತಾಗುವುದಿಲ್ಲ, ತಿರುಗಿ ನೋಡಿ ಬೆಚ್ಚಿಬೀಳುತ್ತೇನೆ. ಕರೆಯಲು ತಟ್ಟೆ ಬಡಿಯುತ್ತಾಳೆ. ತಟ್ಟನೆ ಬರುವ ಸದ್ದನ್ನೂ ಈ ಯಂತ್ರ ಮೆತ್ತಗೆ ಮಾಡಿಬಿಡುತ್ತದೆ. ಪಾಪ, ಬಡಿದು ಬಡಿದು ಸಾಕಾಗಿ ಎದ್ದು ಬಂದು ಅಂಗಿ ಎಳೆಯುತ್ತಾಳೆ.

ಅವತ್ತು ನನಗೆ ಕೇಳಿಸಿರಲಿಲ್ಲ ಅಂತ ಅವಳಿಗೆ ಹೇಳಿಬಿಡಲಾ? ಎರಡು ಸಲ ಬರೆದು ಕೇಳಿದೆ, ನೀನು ಉತ್ತರ ಕೊಡುತ್ತಿಲ್ಲ. ನಿನಗೂ ಗೊತ್ತಿಲ್ಲ ಅನ್ನಿಸುತ್ತದೆ. ಇರಲಿ.

ಮಧ್ಯಾಹ್ನ ಅವಳು ಮಲಗಿದಾಗ ಫ್ಯಾನು, ಫ್ರಿಜ್ಜು ಎಲ್ಲವನ್ನೂ ಆರಿಸಿ ಆ ಸೆಟ್ಟಿಂಗ್ ಒತ್ತಿಕೊಂಡು ಪಕ್ಕದಲ್ಲಿ ಕೂರುತ್ತೇನೆ. ಕುತ್ತಿಗೆಯ ಬಟ್ಟೆ ಎದ್ದು ಕೂರುತ್ತದೆ. ಒಳಗೆ ಹೋಗುವಾಗ ಒಂದು ಸದ್ದು, ಹೊರಗೆ ಬರುವಾಗ ಇನ್ನೊಂದು. ಸೆಕೆಗೆ ಬೆವರು ಸುರಿಯುತ್ತದೆ, ಏಳುವುದಿಲ್ಲ. ರೇಡಿಯೋ ಅಕ್ಕ ಆ ಹೊತ್ತಿಗೆ ಮಿಕ್ಸಿ ಹಾಕುವುದಿಲ್ಲ.

ಅವಳು ಉಸಿರಾಡುವುದು ಕೇಳಿಸುತ್ತದೆ ಪುಟ್ಟಿ. ಅಳಿಸಬೇಡ.

ನಿನ್ನ,
ಅಪ್ಪ